ಸಡಿಲಿಕೆ ವಿಶ್ರಾಂತಿಯಲ್ಲ

ಹೃದಯ ದಿನಕ್ಕೆ ದುಡಿಯುವುದು ಒಂಬತ್ತು ಗಂಟೆ, ವಿಶ್ರಮಿಸುವುದು ಹದಿನೈದು ಗಂಟೆ. ಹಾರ್ವರ್ಡಿನ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಅವರ ಈ ಮಾತನ್ನು ಡೇಲ್ ಕಾರ್ನೆಗಿ 1948ರಲ್ಲಿ ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡರು. ಅಂದಿನಿಂದ ಅದು ಆರೋಗ್ಯ ಅಂಕಣಗಳಲ್ಲೂ ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲೂ ಓಡಾಡುತ್ತಲೇ ಇದೆ. ಲೆಕ್ಕದಲ್ಲಿ ತಪ್ಪಿಲ್ಲ. ನಿಮಿಷಕ್ಕೆ 75 ಬಡಿತವಾದರೆ ಒಂದಕ್ಕೆ 0.8 ಸೆಕೆಂಡು, ಅದರಲ್ಲಿ ಸಂಕೋಚನ ಸುಮಾರು 0.3, ಉಳಿದ 0.5 ವ್ಯಾಕೋಚನ. ನನ್ನ ತಕರಾರಿರುವುದು ಆ ಅರ್ಧ ಸೆಕೆಂಡಿಗೆ ಇಟ್ಟ ಹೆಸರಿನ ಬಗ್ಗೆ. ಅದನ್ನು ವಿಶ್ರಾಂತಿ ಎಂದು ಕರೆದದ್ದರಿಂದ ಹೃದಯದ ಅರ್ಧ ಕಥೆ ನಮಗೆ ಕಾಣದೇ ಹೋಗಿದೆ.

ನಾವೆಲ್ಲ ಓದಿರುವ ಪಾಠ ಗೊತ್ತಿರುವುದೇ. ವಿದ್ಯುತ್ ಸಂಜ್ಞೆ ಬರುತ್ತದೆ, ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರನುಗ್ಗುತ್ತದೆ, ಟ್ರೋಪೋನಿನ್‌ಗೆ ಅಂಟಿಕೊಳ್ಳುತ್ತದೆ, ಆಕ್ಟಿನ್ ಮತ್ತು ಮಯೋಸಿನ್ ಎಳೆಗಳು ಜಾರಿ ಸ್ನಾಯು ಬಿಗಿಯುತ್ತದೆ. ಇದಕ್ಕೆಲ್ಲ ಪುಟಗಟ್ಟಲೆ ವಿವರಣೆ, ಬಣ್ಣದ ಚಿತ್ರ. ಕೊನೆಗೆ ಒಂದೇ ಸಾಲು: ಕ್ಯಾಲ್ಸಿಯಂ ಮರಳಿ ಒಳಕ್ಕೆ ಹೋಗುತ್ತದೆ, ಸ್ನಾಯು ವಿಶ್ರಾಂತ ಸ್ಥಿತಿಗೆ ಬರುತ್ತದೆ. ಎಡವಟ್ಟಾಗಿರುವುದು 'ಹೋಗುತ್ತದೆ' ಎಂಬ ಕ್ರಿಯಾಪದದಲ್ಲೇ. ಕ್ಯಾಲ್ಸಿಯಂ ತಾನಾಗಿ ಹೋಗುವುದಿಲ್ಲ. ಅದನ್ನು ಹೊತ್ತು ಹಾಕಬೇಕು.

ಎಷ್ಟು ಎತ್ತರಕ್ಕೆ ಹೊರಬೇಕು? ಸಡಿಲಗೊಂಡ ಹೃದಯಕೋಶದ ರಸದಲ್ಲಿ ಬಿಡಿ ಕ್ಯಾಲ್ಸಿಯಂ ಸುಮಾರು 0.1 ಮೈಕ್ರೋಮೋಲಾರ್. ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಚೀಲವೇ ಉಗ್ರಾಣ. ಅದರೊಳಗೆ ಸುಮಾರು 1 ಮಿಲಿಮೋಲಾರ್. ಹತ್ತು ಸಾವಿರ ಪಟ್ಟು ಅಂತರ. ಈ ಏರಿನಲ್ಲಿ ಕ್ಯಾಲ್ಸಿಯಂ ಹೊರುವ ಪೊರೆ ಪ್ರೋಟೀನಿನ ಹೆಸರು ಸರ್ಕಾ. ಕೋಶದ ಶಕ್ತಿನಾಣ್ಯವಾದ ಎಟಿಪಿಯ ಒಂದು ಅಣುವಿನ ಖರ್ಚಿಗೆ ಅದು ಎರಡು ಅಯಾನು ಸಾಗಿಸುತ್ತದೆ. ದೇಹದ ಉಷ್ಣತೆಯಲ್ಲಿ ಲೆಕ್ಕ ಹಾಕಿದರೆ, ಒಂದು ಮೋಲ್ ಎಟಿಪಿ ಮಾಡಬೇಕಾದ ಕೆಲಸ 47 ಕಿಲೋಜೂಲ್ ದಾಟುತ್ತದೆ. ಆರೋಗ್ಯವಂತ ಹೃದಯದಲ್ಲೂ ಎಟಿಪಿಯಿಂದ ಸಿಗುವುದು 60ರ ಆಸುಪಾಸು. ಇಷ್ಟು ಬಿಗಿಯಾದ ಜಮಾಖರ್ಚಿನಲ್ಲಿ ನಡೆಯುವ ಸಂಸಾರ ಅದು. ಕೆರೆಯ ತೂಬು ಎತ್ತಿದಾಗ ನೀರು ನುಗ್ಗುವುದನ್ನು ಎಲ್ಲರೂ ನಿಂತು ನೋಡುತ್ತಾರೆ. ಆದರೆ ಈ ಕೆರೆ ಮಳೆಯಿಂದ ತುಂಬುವುದಲ್ಲ. ಪ್ರತಿ ಬಡಿತದ ನಂತರ ಏತ ಹಾಕಿ ತುಂಬಬೇಕಾದ ಕೆರೆ ಇದು.

ಏತ ಎಂದದ್ದು ಯೋಚಿಸಿಯೇ. 'ಪಂಪ್' ಎಂಬ ಪದವೂ ನಮ್ಮನ್ನು ದಾರಿ ತಪ್ಪಿಸಿದೆ. ಪಂಪ್ ಎಂದರೆ ಕೊಳವೆ, ಮೋಟಾರು, ಎಡೆಬಿಡದ ಹರಿವು ಕಣ್ಣಿಗೆ ಬರುತ್ತದೆ. ಚಿಕಾಶಿ ಟೊಯೋಶಿಮಾ ತಂಡ 2000ದಲ್ಲಿ ಮೊಲದ ಸ್ನಾಯುವಿನ ಸರ್ಕಾದ ರಚನೆಯನ್ನು 2.6 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಪ್ರಕಟಿಸಿತು; ಎರಡು ವರ್ಷದ ಮೇಲೆ ಕ್ಯಾಲ್ಸಿಯಂ ಬಿಟ್ಟುಕೊಟ್ಟ ಸ್ಥಿತಿಯದ್ದನ್ನೂ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕೊಳವೆ ಎಲ್ಲೂ ಇಲ್ಲ. ಪೊರೆಯನ್ನು ಹತ್ತು ಸಲ ದಾಟುವ ಸುರುಳಿಗಳು, ಕೋಶರಸದ ಕಡೆ ಚಾಚಿಕೊಂಡ ಮೂರು ಗಂಟುಗಳು. ಒಂದು ಸ್ಥಿತಿಯಲ್ಲಿ ಆ ಗಂಟುಗಳು ಅಗಲವಾಗಿ ಬಿಚ್ಚಿಕೊಂಡಿವೆ, ಇನ್ನೊಂದರಲ್ಲಿ ಒಟ್ಟುಗೂಡಿ ಮುದುಡಿವೆ. ಒಳಬಾಗಿಲೂ ಹೊರಬಾಗಿಲೂ ಒಟ್ಟಿಗೆ ತೆರೆಯುವುದಿಲ್ಲ. ಇಡೀ ಅಣು ಒಮ್ಮೆ ಬಾಗಿ ಏಳಬೇಕು, ಆಗ ಎರಡು ಅಯಾನು ದಾಟುತ್ತವೆ. ಮತ್ತೆ ಬಾಗಬೇಕು. ಇದನ್ನು ಪಂಪ್‌ಸೆಟ್ಟಿಗೆ ಹೋಲಿಸುವವರು ಅದರ ದುಡಿಮೆಯನ್ನೇ ಮರೆಸುತ್ತಾರೆ.

ವಿಜ್ಞಾನದ ಚರಿತ್ರೆಯೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. 1951ರಲ್ಲಿ ಬಿ. ಬಿ. ಮಾರ್ಷ್ ಸ್ನಾಯುವನ್ನು ಅರೆದು ತೆಗೆದ ರಸದಲ್ಲಿ ಸ್ನಾಯುವನ್ನು ಸಡಿಲಿಸುವ ಅಂಶವೊಂದನ್ನು ಕಂಡರು. ಹತ್ತು ವರ್ಷದ ನಂತರ ಹೈಡೆಲ್‌ಬರ್ಗಿನ ಹಾಸೆಲ್‌ಬಾಖ್ ಮತ್ತು ಮಾಕಿನೋಸೆ, ಜಪಾನಿನ ಎಬಾಶಿ, ಆ ಅಂಶವೆಂದರೆ ಎಟಿಪಿ ಸುಟ್ಟು ಕ್ಯಾಲ್ಸಿಯಂ ಎಳೆದುಕೊಳ್ಳುವ ಪೊರೆಚೀಲಗಳೇ ಎಂದು ತೋರಿಸಿದರು. ಸಡಿಲಿಕೆಗೆ ಒಬ್ಬ ಕರ್ತೃ ಇದ್ದಾನೆ, ಅವನಿಗೆ ಕೂಲಿ ಕೊಡಬೇಕು ಎಂಬುದು 1961ಕ್ಕೇ ತಿಳಿದಿತ್ತು. ಇಂಗ್ಲಿಷಿನ ರಿಲ್ಯಾಕ್ಸೇಶನ್ ಎಂಬ ಪದದಲ್ಲಿ ಸಡಿಲಿಕೆ, ವಿಶ್ರಾಂತಿ ಎರಡೂ ಬೆರೆತಿವೆ. ಕನ್ನಡದಲ್ಲಿ ಎರಡಕ್ಕೂ ಬೇರೆಬೇರೆ ಮಾತಿದ್ದೂ ನಮ್ಮ ಅನುವಾದಕರು ತಪ್ಪು ಮಾತನ್ನೇ ಆರಿಸಿಕೊಂಡರು. ಇದು ಸಣ್ಣ ದೋಷ ಎಂದು ನನಗೆ ಅನ್ನಿಸಿಲ್ಲ.

ಈ ಏತ ಕೈಕೊಟ್ಟರೆ ಏನಾಗುತ್ತದೆ ನೋಡಿ. ಬ್ರೋಡಿ 1969ರಲ್ಲಿ ವರ್ಣಿಸಿದ ಅಪರೂಪದ ಕಾಯಿಲೆಯೊಂದಿದೆ. ಅನೇಕ ರೋಗಿಗಳಲ್ಲಿ ಕೈಕಾಲಿನ ಸ್ನಾಯುಗಳ ಸರ್ಕಾ ಜೀನೇ ಕೆಟ್ಟಿರುತ್ತದೆ. ಅವರು ಮುಷ್ಟಿ ಬಿಗಿಯಬಲ್ಲರು. ನಾಲ್ಕಾರು ಸಲ ಬಿಗಿದ ಮೇಲೆ ಬಿಡಿಸಲು ಒದ್ದಾಡುತ್ತಾರೆ. ಸಡಿಲಿಕೆ ಸಹಜ ಸ್ಥಿತಿಯೇ ಆಗಿದ್ದರೆ ಸುಸ್ತಾದ ಕೈ ತಾನಾಗಿ ಬಿಚ್ಚಿಕೊಳ್ಳಬೇಕಿತ್ತು. ಹೃದಯದಲ್ಲೂ ಅಷ್ಟೆ. ರಕ್ತನಾಳ ಕಟ್ಟಿಕೊಂಡು ಆಮ್ಲಜನಕ ಕಡಿಮೆಯಾದಾಗ ಮೊದಲು ಸೋಲುವುದು ಸಡಿಲಿಕೆ. ಸಂಕೋಚನ ಕುಂದುವುದು, ಇಸಿಜಿ ಬದಲಾಗುವುದು, ಎದೆ ನೋಯುವುದು ಎಲ್ಲ ಆಮೇಲೆ. ವಿಶ್ರಮಿಸುತ್ತಿರುವವನಿಗೆ ಅನ್ನ ಕಡಿಮೆಯಾದರೆ ಮೊದಲು ವಿಶ್ರಾಂತಿಯೇ ಕೆಡುವುದುಂಟೆ?

ಎದುರು ಪಕ್ಷದ ವಾದವನ್ನು ನಾನು ಬದಿಗೆ ತಳ್ಳುವುದಿಲ್ಲ. ಹೃದಯ ಬಳಸುವ ಎಟಿಪಿಯಲ್ಲಿ ಶೇ. 60ರಿಂದ 70 ಸಂಕೋಚನಕ್ಕೇ ಹೋಗುತ್ತದೆ. ಅಯಾನು ಹೊರುವ ಪ್ರೋಟೀನುಗಳಿಗೆಲ್ಲ ಸೇರಿ ಉಳಿಯುವುದು 30ರಿಂದ 40. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯುವುದು ವ್ಯಾಕೋಚನದಲ್ಲೇ. ವ್ಯಾಕೋಚನದ ಕೊನೆಯ ಭಾಗ ಬಹುಮಟ್ಟಿಗೆ ನಿಷ್ಕ್ರಿಯ ಎಂಬುದೂ ನಿಜ. ಒಪ್ಪುತ್ತೇನೆ. ಆದರೆ ಮೂರನೇ ಒಂದು ಪಾಲು ಖರ್ಚನ್ನು ಯಾವ ಮನೆಯೂ ಲೆಕ್ಕದಿಂದ ಬಿಡುವುದಿಲ್ಲ. ಮೆಟ್ಟಿಲು ಹತ್ತುವಾಗ ಬಡಿತ 150ಕ್ಕೆ ಏರಿದರೆ ಒಂದು ಬಡಿತಕ್ಕೆ ಸಿಗುವುದು 0.4 ಸೆಕೆಂಡು, ಆ ಕಡಿತದ ದೊಡ್ಡ ಪಾಲು ವ್ಯಾಕೋಚನದ ಮೇಲೆಯೇ ಬೀಳುತ್ತದೆ. ಆಗ ಏತ ಇನ್ನೂ ವೇಗವಾಗಿ ನಡೆಯಬೇಕು. ಅದಕ್ಕೆಂದೇ ಅಡ್ರಿನಲಿನ್ ಫಾಸ್ಫೋಲ್ಯಾಂಬನ್ ಎಂಬ 52 ಅಮೈನೋ ಆಮ್ಲಗಳ ಪುಟ್ಟ ತಡೆಯನ್ನು ಸರ್ಕಾದ ಮೇಲಿನಿಂದ ಸಡಿಲಿಸುತ್ತದೆ.

ನನ್ನ ವಾದದ ತಿರುಳು ಇರುವುದು ಖರ್ಚಿನಲ್ಲಲ್ಲ, ಮುಂದಿನ ಬಡಿತದಲ್ಲಿ. ಉಗ್ರಾಣದಲ್ಲಿ ಎಷ್ಟು ತುಂಬಿದೆಯೋ ಮುಂದಿನ ಸಂಕೋಚನದ ಬಲ ಅಷ್ಟು. ಇದನ್ನು ಅರಿಯಲು ಕಣಗಿಲೆ ಗಿಡದ ಹತ್ತಿರ ಹೋಗಬೇಕು. ನಮ್ಮ ದೇವಸ್ಥಾನಗಳ ಅಂಗಳದಲ್ಲಿ ಪೂಜೆಗೆಂದು ಬೆಳೆಸುವ, ದನ ಬಾಯಿ ಹಾಕದಂತೆ ಹಿರಿಯರು ಎಚ್ಚರಿಸುವ ಅದೇ ಗಿಡ. ವಿಲಿಯಂ ವಿದರಿಂಗ್ 1785ರಲ್ಲಿ ಬರೆದ ಫಾಕ್ಸ್‌ಗ್ಲೋವ್ ಗಿಡದ ಡಿಜಿಟಾಲಿಸ್ ಮತ್ತು ಕಣಗಿಲೆಯ ವಿಷ ಒಂದೇ ಕುಲದವು. ಡಿಜಿಟಾಲಿಸ್ 'ಹೃದಯಕ್ಕೆ ಬಲ ಕೊಡುತ್ತದೆ' ಎಂಬುದು ಬಾಯಿಪಾಠದ ವಿವರಣೆ. ಆದರೆ ಅದು ಮಾಡುವುದು ತಡೆಯುವ ಕೆಲಸ ಎಂದು 1953ರಲ್ಲಿ ಶಾಟ್ಸ್‌ಮನ್ ತೋರಿಸಿದರು. 1957ರಲ್ಲಿ ಏಡಿಯ ನರದಲ್ಲಿ ಯೆನ್ಸ್ ಸ್ಕೌ ಗುರುತಿಸಿದ, ನಲವತ್ತು ವರ್ಷದ ಮೇಲೆ ಅವರಿಗೆ ನೊಬೆಲ್ ತಂದ, ಮೂರು ಸೋಡಿಯಂ ಹೊರಹಾಕಿ ಎರಡು ಪೊಟ್ಯಾಸಿಯಂ ಒಳತರುವ ಪೊರೆ ಪ್ರೋಟೀನನ್ನು ಅದು ಕಟ್ಟಿಹಾಕುತ್ತದೆ. ಒಳಗೆ ಸೋಡಿಯಂ ಹೆಚ್ಚುತ್ತದೆ. ಸೋಡಿಯಂ ಒಳಬಿಟ್ಟುಕೊಂಡು ಕ್ಯಾಲ್ಸಿಯಂ ಹೊರಕಳಿಸುವ ವಿನಿಮಯ ಮಂದವಾಗುತ್ತದೆ. ಹೊರಹೋಗದ ಕ್ಯಾಲ್ಸಿಯಂ ಅನ್ನು ಸರ್ಕಾ ಉಗ್ರಾಣಕ್ಕೆ ತುಂಬುತ್ತದೆ. ಬಡಿತ ಬಲಗೊಳ್ಳುವುದು ಹೀಗೆ, ಎರಡು ಬಡಿತಗಳ ನಡುವೆ. ಅತಿಯಾದರೆ ಉಗ್ರಾಣ ತುಂಬಿ ಹೊತ್ತಲ್ಲದ ಹೊತ್ತಲ್ಲಿ ಸೋರುತ್ತದೆ, ಲಯ ತಪ್ಪುತ್ತದೆ. ಕಣಗಿಲೆ ಕೊಲ್ಲುವುದು ಹಾಗೆ. 1997ರಲ್ಲಿ ಪ್ರಕಟವಾದ, ಡಿಜಿಟಾಲಿಸ್ ಗುಂಪಿನ ಔಷಧ ಡಿಗಾಕ್ಸಿನ್ ಕೊಟ್ಟು 6,800 ಹೃದಯ ವೈಫಲ್ಯದ ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಆಸ್ಪತ್ರೆ ಸೇರುವುದು ಕಡಿಮೆಯಾಯಿತು, ಸಾವು ಕಡಿಮೆಯಾಗಲಿಲ್ಲ.

ನನ್ನ ಪಾಳೆಯದವರಿಗೂ ಒಂದು ಮಾತು ಹೇಳಬೇಕು. ಸರ್ಕಾ ಮುಖ್ಯ ಎಂದು ಒಪ್ಪಿದವರಲ್ಲಿ ಕೆಲವರು, ಅದನ್ನು ಹೆಚ್ಚಿಸಿದರೆ ಸೋತ ಹೃದಯ ಎದ್ದು ನಿಲ್ಲುತ್ತದೆ ಎಂದು ಆತುರಪಟ್ಟರು. 1994ರಲ್ಲಿ ಫಾಸ್ಫೋಲ್ಯಾಂಬನ್ ತೆಗೆದ ಇಲಿಗಳ ಹೃದಯ ಚುರುಕಾಗಿ ಬಡಿದದ್ದು ಅವರಿಗೆ ಧೈರ್ಯ ಕೊಟ್ಟಿತು. 2003ರಲ್ಲಿ ಮನುಷ್ಯರಲ್ಲಿ ಅದೇ ಪ್ರೋಟೀನ್ ಹುಟ್ಟಿನಿಂದ ಇಲ್ಲದವರ ವರದಿ ಬಂತು: ಹರೆಯದಲ್ಲೇ ಅವರ ಹೃದಯ ಹಿಗ್ಗಿ ಸೋತಿತ್ತು. ಇಲಿಯ ಹೃದಯಕೋಶದಲ್ಲಿ ಕ್ಯಾಲ್ಸಿಯಂ ತೆಗೆಯುವ ಕೆಲಸದ ಶೇ. 92 ಸರ್ಕಾದ್ದು, ಮೊಲದಲ್ಲಿ ಶೇ. 70 ಮಾತ್ರ, ನಾವು ಮೊಲಕ್ಕೇ ಹತ್ತಿರ. 250 ರೋಗಿಗಳಿಗೆ ಸರ್ಕಾ ಜೀನ್ ಕೊಟ್ಟು ನೋಡಿದ, 2016ರಲ್ಲಿ ಪ್ರಕಟವಾದ ಕ್ಯುಪಿಡ್-2 ಪ್ರಯೋಗವೂ ಫಲ ಕೊಡಲಿಲ್ಲ. ಜೀನ್ ಸಾಕಷ್ಟು ಕೋಶಗಳನ್ನು ಮುಟ್ಟಲೇ ಇಲ್ಲ ಎಂಬ ಸಮಜಾಯಿಷಿ ಸರಿಯೇ. ಆದರೂ ಏತದ ವೇಗವನ್ನು ತಡೆಯುವ ಕೈಯೂ ಏತದ ಭಾಗವೇ ಎಂಬುದನ್ನು ಈ ಉತ್ಸಾಹಿಗಳು ಮರೆತಿದ್ದರು.

ಹೆಸರಿನ ಜಗಳಕ್ಕೆ ಇಷ್ಟೇಕೆ ಹಟ ಎಂದು ಕೇಳಬಹುದು. ಹೃದಯ ವೈಫಲ್ಯದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ರಕ್ತ ಹೊರದೂಡುವ ಪ್ರಮಾಣ, ಅಂದರೆ ಇಎಫ್, ಚೆನ್ನಾಗಿಯೇ ಇರುತ್ತದೆ. ಅವರ ಹೃದಯ ಸರಿಯಾಗಿ ಸಡಿಲಗೊಂಡು ತುಂಬಿಕೊಳ್ಳುವುದಿಲ್ಲ. ಅದರಲ್ಲಿ ಗೋಡೆಯ ಬಿರುಸು, ರಕ್ತದೊತ್ತಡ, ವಯಸ್ಸು ಎಲ್ಲದರ ಪಾತ್ರವಿದೆ. ಎಲ್ಲವನ್ನೂ ಸರ್ಕಾದ ತಲೆಗೆ ಕಟ್ಟಲಾರೆ. ಆದರೆ ಎಕೋ ರಿಪೋರ್ಟ್ ಕೈಗೆ ಬಂದಾಗ ನಾವು ಹುಡುಕುವುದು ಇಎಫ್ ಒಂದನ್ನೇ. ನಮ್ಮ ಮನೆಯಲ್ಲೂ ಹಾಗೇ ಆಯಿತು: 60 ಎಂದಿದ್ದನ್ನು ನೋಡಿ ಎಲ್ಲರೂ ನಿರಾಳವಾದೆವು, 'ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್' ಎಂದು ವ್ಯಾಕೋಚನದ ದೋಷ ಹೇಳುವ ಕೆಳಗಿನ ಸಾಲನ್ನು ವಯಸ್ಸಾದವರಿಗೆಲ್ಲ ಇರುವುದೇ ಎಂದು ಬಿಟ್ಟೆವು. ಎಷ್ಟೋ ಹಿರಿಯರಲ್ಲಿ ಅದು ತೊಂದರೆ ಕೊಡದೆ ಇರುವುದು ನಿಜ. ಆದರೆ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದರೆ, ಕಾಲು ಬಾತುಕೊಳ್ಳುತ್ತಿದ್ದರೆ, ಇಎಫ್ ನೋಡಿ ರಿಪೋರ್ಟ್ ಮಡಚಿಡಬೇಡಿ. ಆ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಡಾಕ್ಟರನ್ನು ಕೇಳಿ.