ತಂತಿಯ ತೂತು, ಠಸ್ಸೆಯ ಚುಕ್ಕಿ

ಅಂಚೆಚೀಟಿ ಸಂಗ್ರಹದ ಲೋಕದಲ್ಲೊಂದು ಹಳೆಯ ಮಡಿವಂತಿಕೆ ಇದೆ. ಕೂಡಿಡುವವನು ರಸಿಕ, ಮಾರುವವನು ಬರೀ ಅಂಗಡಿಯವ ಎಂಬುದು ಅದರ ತಿರುಳು. ನನಗಿದು ಒಪ್ಪಿಗೆಯಿಲ್ಲ. ಸ್ವಂತ ದುಡ್ಡು ಹಾಕಿ ಕೊಂಡು, ತನ್ನ ಹೆಸರಿನ ಮೇಲೆ ಮಾರುವವನಿಗೆ ತಪ್ಪಿನ ಬೆಲೆ ಅಂದೇ ಗೊತ್ತಾಗುತ್ತದೆ. ಆಲ್ಬಮ್ಮಿನಲ್ಲಿ ಅಂಟಿಸಿ ಮುಚ್ಚಿಟ್ಟವನಿಗೆ ಸಾಯುವ ತನಕ ಗೊತ್ತಾಗದಿರಬಹುದು. ಮುಂಬಯಿಯ ಜಾಲ್ ಕೂಪರ್ ವ್ಯಾಪಾರಿಯೇ. ಚೀಟಿ ರದ್ದುಮಾಡಲು ಒತ್ತುತ್ತಿದ್ದ, ಭಾರತದ ಆರಂಭಕಾಲದ ಅಂಚೆ ಠಸ್ಸೆಗಳನ್ನು ಆಕಾರ, ಗೆರೆ, ಸಂಖ್ಯೆ ನೋಡಿ ವಿಂಗಡಿಸಿ ಪುಸ್ತಕ ಮಾಡಿದವರೂ ಅವರೇ. ಇಂದಿಗೂ ಹರಾಜಿನ ಪಟ್ಟಿಗಳಲ್ಲಿ ‘ಕೂಪರ್ ಟೈಪ್’ ಎಂದೇ ನಮೂದಾಗುತ್ತದೆ.

ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಸಾಲಗುಂದದಲ್ಲಿ ಹಳೆ ಮನೆಯೊಂದರ ಅಟ್ಟದಿಂದ ಕಾಗದದ ಕಟ್ಟು ಇಳಿಯಿತು ಎಂದಿಟ್ಟುಕೊಳ್ಳಿ. ಸಾಹುಕಾರರ ಅಂಗಡಿಗಳಲ್ಲಿ ಬಂದ ಪತ್ರಗಳನ್ನು ತಂತಿಗೆ ಚುಚ್ಚಿ ತೂಗುಹಾಕುವ ರೂಢಿ ಇತ್ತಲ್ಲ, ಹಾಗಾಗಿ ಪ್ರತಿ ಲಕೋಟೆಯ ನಡುವೆ ಒಂದು ತೂತು. ಅರೆಬರೆ ಹವ್ಯಾಸಿ ಮೂಗು ಮುರಿಯುತ್ತಾನೆ, ಇಲ್ಲವೇ ಚೀಟಿಯನ್ನಷ್ಟೇ ನೀರಲ್ಲಿ ನೆನೆಸಿ ಬಿಡಿಸಿಕೊಂಡು ಲಕೋಟೆ ಎಸೆಯುತ್ತಾನೆ. ಬಲ್ಲವನು ಅಲ್ಲೇ ತಲೆ ಚಚ್ಚಿಕೊಳ್ಳುತ್ತಾನೆ. ಯಾಕೆಂದರೆ ಭಾರತಕ್ಕೆಲ್ಲ ಸಲ್ಲುವ ಚೀಟಿ ಹೊರಟದ್ದು 1854ರ ಅಕ್ಟೋಬರ್ 1ರಂದು, ಆ ಕಾಲದ ಅರ್ಧಾಣೆಯ ನೀಲಿ ಚೀಟಿಯ ಮೇಲೆ ಬಹುಪಾಲು ಬೀಳುತ್ತಿದ್ದುದು ಬರೀ ಚುಕ್ಕಿಗಳ ಠಸ್ಸೆ. ಊರು, ತಾರೀಖಿನ ಮುದ್ರೆ ಲಕೋಟೆಯ ಬೇರೊಂದು ಮೂಲೆಯಲ್ಲೋ ಬೆನ್ನಿಗೋ ಇರುತ್ತಿತ್ತು. ಚೀಟಿ ಬಿಡಿಸಿದರೆ ಊರೇ ಹೋಯಿತು. ಊರು ಹೋದರೆ ಉಳಿಯುವುದು ಎಲ್ಲೆಲ್ಲೂ ಸಿಗುವ ಒಂದು ನೀಲಿ ಚೂರು. ಈ ಸೀಮೆಯ ಮಟ್ಟಿಗಂತೂ ಊರೇ ಸರ್ವಸ್ವ. 1853ರಲ್ಲಿ ಹೈದರಾಬಾದಿನ ನಿಜಾಮರು ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ರಾಯಚೂರು ದೋಆಬನ್ನು ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಕೊಟ್ಟರು. 1860ರಲ್ಲಿ ಅದು ಮತ್ತೆ ಹೈದರಾಬಾದಿಗೆ ಬಂತು. ಅಂದರೆ ಬ್ರಿಟಿಷರ ಚೀಟಿ ಬ್ರಿಟಿಷರದೇ ಆಡಳಿತದಲ್ಲಿ ಇಲ್ಲಿ ಓಡಾಡಿದ್ದು ಹೆಚ್ಚೆಂದರೆ ಆರು ವರ್ಷ. ಆಮೇಲೆ ನೆಲ ನಿಜಾಮರದು, ಲಿಂಗಸುಗೂರಿನಲ್ಲಿ ಮಾತ್ರ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಹೈದರಾಬಾದ್ ಕಂಟಿಂಜೆಂಟಿನ ದಂಡು. 1869ರಿಂದ ನಿಜಾಮರದೇ ಅಂಚೆಚೀಟಿ ಶುರು, 1950ರಲ್ಲಿ ಆ ಅಂಚೆ ಭಾರತದ ಅಂಚೆಯಲ್ಲಿ ಲೀನ. ಇಷ್ಟನ್ನೂ ತಲೆಯಲ್ಲಿಟ್ಟುಕೊಂಡವನ ಕಣ್ಣಿಗೆ 1858ರ ತಾರೀಖು, 1868ರ ತಾರೀಖು ಎರಡೂ ಒಂದಲ್ಲ.

ಮಾರುವವನೇ ಪರೀಕ್ಷಕನೂ ಆದರೆ ಕಳ್ಳನ ಕೈಗೆ ಬೀಗದಕೈ ಕೊಟ್ಟಂತಲ್ಲವೇ ಎನ್ನುವವರಿದ್ದಾರೆ. ಆಕ್ಷೇಪ ಸುಳ್ಳಲ್ಲ. 1948ರ ಹತ್ತು ರೂಪಾಯಿ ಗಾಂಧಿ ಚೀಟಿಗೆ ಗವರ್ನರ್ ಜನರಲ್ ಕಚೇರಿಗೆಂದು ‘ಸರ್ವಿಸ್’ ಎಂದು ಒತ್ತಿದ್ದರಿಂದ ಅದರ ಜಾತಿಯೇ ಬದಲಾಯಿತು. ಅಂಥ ನಾಲ್ಕರ ಪಟ್ಟಿಯೊಂದು 2017ರಲ್ಲಿ ಐದು ಲಕ್ಷ ಪೌಂಡಿಗೆ ಹೋಯಿತು. ಒಂದು ಪದಕ್ಕೆ ಅಷ್ಟು ಬೆಲೆಯಾದರೆ ಆ ಪದವನ್ನು ಮನೆಯಲ್ಲೇ ಒತ್ತುವ ಆಸೆ ಯಾರಿಗೆ ಬರುವುದಿಲ್ಲ? ನಿಜಾಮರ ಚೀಟಿಗಳ ಮೇಲಿನ ಉರ್ದು ‘ಸರ್ಕಾರಿ’ ಮುದ್ರೆಯ ನಕಲಿಗಳು ಸಾಕಷ್ಟಿವೆ. ಆದರೆ ನಕಲಿ ಸಿಕ್ಕಿಬೀಳುವುದು ಎಲ್ಲಿ? ಠಸ್ಸೆಯ ಶಾಯಿ ಕೆಳಗೆ, ‘ಸರ್ಕಾರಿ’ ಮೇಲೆ ಕಂಡಾಗ. ಅಂದರೆ ಬಟವಾಡೆಯಾದ ಮೇಲೆ ಯಾರೋ ಒತ್ತಿದ್ದು. ಚೀಟಿಯ ಅಂಚಿನ ಹಲ್ಲಿನ ಲೆಕ್ಕ ತಪ್ಪಿದಾಗ. ನೇರಳಾತೀತ ದೀಪದಡಿ ಹಳೆ ಕಾಗದ ಹೊಸ ಅಂಗಿಯ ಹಾಗೆ ಬೆಳ್ಳಗೆ ಹೊಳೆದಾಗ. ಈ ಕಣ್ಣು ಪುಸ್ತಕದಿಂದ ಅರ್ಧ ಬಂದೀತು, ಉಳಿದರ್ಧ ಸಾವಿರಾರು ಚೀಟಿ ಕೈದಾಟಿದ ಮೇಲೇ. ಅಷ್ಟು ಚೀಟಿ ಕೈದಾಟುವುದು ವ್ಯಾಪಾರದಲ್ಲಿ. ಚೀಟಿಯ ಫೋಟೊ ಅಂಟಿಸಿದ ಪ್ರಮಾಣಪತ್ರ ಕೊಟ್ಟು, ಸುಳ್ಳಾದರೆ ಹಣ ವಾಪಸ್ ಎಂದು ಬರೆದುಕೊಡದವನ ಹತ್ತಿರ ಮಾತ್ರ ಕೊಳ್ಳಬಾರದು.

ಇದಕ್ಕಿಂತ ಗಟ್ಟಿಯಾದ ದೂರು ಇನ್ನೊಂದಿದೆ: ಅಟ್ಟದ ಕಟ್ಟನ್ನು ಬಲ್ಲವನು ರದ್ದಿಯ ದರಕ್ಕೆ ಹೊಡೆದುಕೊಂಡು ಹೋಗುತ್ತಾನೆ. ಇದನ್ನು ನಾನು ಸಮರ್ಥಿಸಲಾರೆ. ಆದರೆ ಕೂಪರರಂಥವರು ತಮಗೆ ಗೊತ್ತಿದ್ದದ್ದನ್ನು ಅಚ್ಚು ಹಾಕಿಸಿದ್ದರಿಂದಲೇ ಮಾರುವ ಮನೆಯವರೂ ಓದಿಕೊಂಡು ಚೌಕಾಸಿಗೆ ಕೂರಬಹುದು. ಅಲ್ಲಿಯವರೆಗೆ ಕಟ್ಟು ಬಿಚ್ಚಬೇಡಿ, ಚೀಟಿ ಕೀಳಬೇಡಿ, ದೇವರಾಣೆ ಲ್ಯಾಮಿನೇಷನ್ ಮಾಡಿಸಬೇಡಿ. ಒಂದು ಲಕೋಟೆಯ ತೂತು ಇನ್ನೊಂದರ ತೂತಿಗೆ ಹೊಂದಿ ಕೂತರೆ, ಎರಡೂ ಒಂದೇ ತಂತಿಗೆ ತೂಗಿದ್ದವೆಂದು ಊಹಿಸಬಹುದು. ತಾರೀಖು ಅಳಿಸಿಹೋದ ಲಕೋಟೆಯ ಕಾಲವನ್ನು ಪಕ್ಕದ ಲಕೋಟೆಯಿಂದ ಹಿಡಿಯಲು ಕೆಲವೊಮ್ಮೆ ಇರುವ ಆಧಾರ ಅದೊಂದೇ.