ಘಟೋತ್ಕಚನ ತಂಗಿಗೆ ಯಾವ ಕಾಲಂ?

ಮಿಯಾಪುರದ ನಮ್ಮ ಫ್ಲಾಟಿನಲ್ಲಿ ಭಾನುವಾರ ಊಟ ಮುಗಿದ ಮೇಲೆ ಟೇಬಲ್ ಒರೆಸಿ ದಾಳ ಹರಡುತ್ತೇವೆ. ಆಟ ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಕತೆ ನಡೆಸುವವನು ನಾನು; ಆಡುವವರು ಮಗಳು, ಅವಳ ಇಬ್ಬರು ಗೆಳತಿಯರು, ಮೇಲಿನ ಮಹಡಿಯ ಬೆಳಗಾವಿ ಹುಡುಗ. ಹೊಸ ಕತೆಗೆ ಮುಂಚೆ ಆಫೀಸಿನ ಚಾಳಿಯಂತೆ ಸ್ಕೋಪ್ ಕಟ್ಟಿದೆ: ಮನುಷ್ಯ, ಎಲ್ಫ್, ಡ್ವಾರ್ಫ್, ಹಾಫ್‌ಲಿಂಗ್. ನಾಲ್ಕೇ ಕುಲ.

“ಅಪ್ಪಾ, ನಾನು ಘಟೋತ್ಕಚನ ತಂಗಿ” ಅಂದಳು ಮಗಳು.

“ರಾಕ್ಷಸರಿಗೆ ಪರ್ಮಿಷನ್ ಇಲ್ಲ.”

“ಅರ್ಧ ತಾನೇ ರಾಕ್ಷಸಿ? ಇನ್ನರ್ಧ ಭೀಮ.”

ಪುಸ್ತಕ ತೆಗೆದೆ. ನಾನು ‘ಕುಲ’ ಅಂತ ಬರೆದುಕೊಂಡಿದ್ದೆ. ‘ಜಾತಿ’ ಅಂತ ಬರೆಯಲು ಕೈ ಬಂದಿರಲಿಲ್ಲ. ಪುಸ್ತಕದವರಿಗೂ ಇಂಥದೇ ಸಂಕಟ ಇದ್ದಿರಬೇಕು, 2024ರ ಆವೃತ್ತಿಯಲ್ಲಿ ‘ರೇಸ್’ ತೆಗೆದು ‘ಸ್ಪೀಷೀಸ್’ ಹಾಕಿದ್ದಾರೆ. 1974ರ ಮೊದಲ ನಿಯಮಗಳಲ್ಲಿ ಹಾಬಿಟ್ ಯೋಧ ನಾಲ್ಕನೇ ಹಂತಕ್ಕೆ ನಿಂತುಬಿಡಬೇಕಿತ್ತು, ಮನುಷ್ಯನಿಗೆ ಮಾತ್ರ ಮಿತಿಯಿಲ್ಲದ ಬಡ್ತಿ. 2014ರಲ್ಲೂ ಹಾಫ್-ಓರ್ಕ್‌ಗೆ ಹುಟ್ಟಿನಿಂದಲೇ ಬಲದಲ್ಲಿ ಎರಡು ಅಂಕ ಹೆಚ್ಚು. ಈಗ ಅಂಥ ಅಂಕಗಳು ಬೆಳೆದ ಹಿನ್ನೆಲೆಯಿಂದ ಬರುತ್ತವೆ: ರೈತ, ನಾವಿಕ, ಲಿಪಿಕಾರ. ಈ ತಿದ್ದುಪಡಿ ನನಗೆ ಒಪ್ಪಿಗೆ. ಆದರೆ ಅದೇ ಕೈ ಹಾಫ್-ಎಲ್ಫ್, ಹಾಫ್-ಓರ್ಕ್ ಇಬ್ಬರನ್ನೂ ಪಟ್ಟಿಯಿಂದ ತೆಗೆದಿದೆ. ಪೂರ್ತಿ ಓರ್ಕ್ ಒಳಗೆ ಬಂದ, ಅರ್ಧದವನು ಹೊರಗುಳಿದ. ಹಳೆಯ ಪುಸ್ತಕದಿಂದ ತಂದುಕೊಳ್ಳಬಹುದು, ನಿಜ. ಆದರೆ ನನ್ನ ಮಗಳು ಅಜ್ಜಿಯ ಊರಿಗೆ ಹೋದರೆ ‘ಹೈದರಾಬಾದಿನವಳು’, ಇಲ್ಲಿ ‘ಕನ್ನಡ ಅಮ್ಮಾಯಿ’. ಅರ್ಧದವರ ಕಾಲಂ ಕಾಣದಿದ್ದರೆ ಅವಳು ಹುಡುಕಿಯೇ ಹುಡುಕುತ್ತಾಳೆ.

ರಾಕ್ಷಸ ಆ ಆಟದಲ್ಲಿ ಇದ್ದಾನೆ, ಕೊಲ್ಲಲು. ಹುಲಿಯ ತಲೆ, ಹಿಂದುಮುಂದಾದ ಅಂಗೈ. ನಮ್ಮ ಯಕ್ಷಗಾನದ ಬಣ್ಣದ ವೇಷ ನೋಡಿದವರಿಗೆ ಇದು ಬಡ ಕಲ್ಪನೆ ಅನ್ನಿಸದೆ ಇರದು. ಅಲ್ಲಿ ಹಿಡಿಂಬಿ, ಶೂರ್ಪನಖಿಯರಿಗೆ ‘ಹೆಣ್ಣುಬಣ್ಣ’ ಎಂಬ ಪ್ರತ್ಯೇಕ ವೇಷವೇ ಉಂಟು. ವೇಷಧಾರಿ ಎದುರಾಳಿಯ ಸಮಕ್ಕೆ ನಿಂತು ಅರ್ಥ ಹೇಳುತ್ತಾನೆ, ವಾದಿಸುತ್ತಾನೆ. ಜೈನ ಪರಂಪರೆ ಇನ್ನೂ ಮುಂದೆ ಹೋಯಿತು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ವಾನರರು ಕೋತಿಗಳಲ್ಲ, ಕಪಿಯ ಧ್ವಜ ಹಿಡಿದ ವಿದ್ಯಾಧರರು, ರಾವಣನೂ ವಿದ್ಯಾಧರನೇ. ಕುಲವನ್ನು ಮೈಯಿಂದ ಬಿಡಿಸಿ ಬಾವುಟಕ್ಕೆ ಕಟ್ಟಿದ ಆ ಕೆಲಸ ಒಂಬೈನೂರು ವರ್ಷ ಹಳೆಯದು.

ಮನೆಮನೆಯ ಜಾತಕದಲ್ಲೂ ಮೂರು ಕುಲಗಳ ಪಟ್ಟಿ ಇದೆಯಲ್ಲ: ದೇವಗಣ, ಮನುಷ್ಯಗಣ, ರಾಕ್ಷಸಗಣ. ನನ್ನ ಹೆಂಡತಿಯದು ಮಖಾ ನಕ್ಷತ್ರ, ಹಾಗಾಗಿ ರಾಕ್ಷಸಗಣ. ನಾನು ಮನುಷ್ಯ. ಈ ಸಂಬಂಧ ಕೂಡದು ಎಂದ ಹಿರಿಯರಿದ್ದರು. ಅಡುಗೆಮನೆಯಿಂದಲೇ ಅವಳು, “ಮಗಳು ಹೇಳ್ತಿರೋದು ಸರಿಯಾಗೇ ಇದೆ” ಅಂದಳು.

ಆದರೂ ಮಿತಿ ಬೇಕು ಅನ್ನುವವನೇ ನಾನು. ಎಲ್ಲ ಕುಲಗಳನ್ನೂ ಬಿಟ್ಟುಕೊಂಡ ಟೇಬಲ್ಲುಗಳನ್ನು ನೋಡಿದ್ದೇನೆ: ಕೊಂಬು, ಬಾಲ, ರೆಕ್ಕೆ ಎಲ್ಲ ಇರುತ್ತದೆ, ಊರ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ, ಯಾರೂ ಹೆದರುವುದಿಲ್ಲ. ಕತೆಯಲ್ಲಿ ಬೆಲೆ ತೆರದ ಕುಲ ಬರೀ ಫ್ಯಾನ್ಸಿ ಡ್ರೆಸ್. ಘಟೋತ್ಕಚ ಬೆಲೆ ತೆತ್ತವನು. ಕಾಡಿನಲ್ಲೇ ಬೆಳೆದ, ಕರೆದಾಗ ಬಂದ, ರಾತ್ರಿ ಯುದ್ಧದಲ್ಲಿ ಕರ್ಣನ ಶಕ್ತ್ಯಾಯುಧ ಅವನ ಮೇಲೆ ಖರ್ಚಾಯಿತು. ಪಾಂಡವರು ಅತ್ತರು, ಕೃಷ್ಣ ಸಂತೋಷಪಟ್ಟ. ಅರ್ಜುನನಿಗಾಗಿ ಕಾದಿಟ್ಟ ಅಸ್ತ್ರ ಅದು.

ಇಷ್ಟನ್ನೂ ಮಗಳಿಗೆ ಹೇಳಿದೆ. “ಗೊತ್ತು. ಅದಕ್ಕೇ ತಂಗಿ. ಅವಳನ್ನ ಯಾರೂ ಕರೀಬಾರದು, ತಾನೇ ಬರ್ತಾಳೆ” ಅಂದಳು.

ಪರ್ಮಿಷನ್ ಕೊಟ್ಟೆ. ರಾತ್ರಿ ಹೊತ್ತು ರಾಕ್ಷಸಬಲ ಹೆಚ್ಚು, ಹಾಗಾಗಿ ಕತ್ತಲಾದ ಮೇಲೆ ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದು. ಹಗಲಿನಲ್ಲಿ ಏನು ಕಳೆದುಕೊಳ್ಳಬೇಕು ಎಂಬುದಕ್ಕೆ ಮೂರು ಭಾನುವಾರಗಳಿಂದ ಚೌಕಾಸಿ ನಡೆದಿದೆ.