ತರಗತಿಯಿಂದ ನ್ಯಾಯಾಲಯಕ್ಕೆ: ಒಂದು ಚಿತ್ರಕಥೆಯ ಪಲ್ಲಟ

ಚಿತ್ರಕಥೆಯ ಅಭ್ಯಾಸಕ್ಕೆ ತೊಡಗುವವರಲ್ಲಿ ಅನೇಕರು ಸಿಡ್ ಫೀಲ್ಡ್‌ನ ‘ಸ್ಕ್ರೀನ್‌ಪ್ಲೇ’ (1979) ಗ್ರಂಥದಿಂದ ಆರಂಭಿಸುತ್ತಾರೆ. ಕಥೆಯನ್ನು ಮೂರು ಅಂಕಗಳಾಗಿ ವಿಭಜಿಸುವ ಅವನ ಸೂತ್ರ ಬೇಗ ಬಾಯಿಪಾಠವಾಗುತ್ತದೆ. ಅದರ ಹಿಂದಿನ ಪ್ರಶ್ನೆ ಅಷ್ಟು ಬೇಗ ದಕ್ಕುವುದಿಲ್ಲ: ಯಾರಿಗೆ ಏನು ಬೇಕಾಗಿದೆ, ಅದಕ್ಕಾಗಿ ಅವರೇ ಏನು ಮಾಡುತ್ತಾರೆ? ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018) ಚಿತ್ರ ಈ ಪ್ರಶ್ನೆಗೆ ಮೊದಲರ್ಧದಲ್ಲಿ ಒಂದು ಉತ್ತರವನ್ನೂ ಎರಡನೆಯದರಲ್ಲಿ ಇನ್ನೊಂದನ್ನೂ ಕೊಡುತ್ತದೆ.

ಕನ್ನಡ ಮಾಧ್ಯಮದ ತರಗತಿಗೆ ಕನ್ನಡವರಿಯದ ಮಲಯಾಳ ಅಧ್ಯಾಪಕ ಬರುತ್ತಾನೆ. ಪಾಠ ನಡೆಯುತ್ತದೆ, ಮಕ್ಕಳ ಮುಖಗಳು ಖಾಲಿಯಾಗಿಯೇ ಇರುತ್ತವೆ. ಹೇಳದೆ ತೋರಿಸಬೇಕೆಂಬ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇತ್ತೀಚಿನ ಕನ್ನಡ ಚಿತ್ರಗಳಲ್ಲಿ ವಿರಳ. ಮಲಯಾಳ ಬಾರದ ಪ್ರೇಕ್ಷಕ ತಾನೂ ಆ ಬೆಂಚಿನಲ್ಲಿ ಕುಳಿತುಬಿಡುತ್ತಾನೆ. ಕಾಸರಗೋಡಿನ ದ್ವಿಭಾಷಿಗೆ ಮಾತ್ರ ಅಧ್ಯಾಪಕನ ಮಾತೂ ಮಕ್ಕಳ ತಬ್ಬಿಬ್ಬೂ ಒಟ್ಟಿಗೇ ತಿಳಿಯುತ್ತವೆ, ಆದ್ದರಿಂದ ಅವನ ನಗು ಅಷ್ಟು ನಿರಾಳವಲ್ಲ. ಅಂಗಡಿಯ, ಬಸ್ಸಿನ ಮಲಯಾಳ ಬೇರೆ, ಪಠ್ಯದ ಮಲಯಾಳ ಬೇರೆ. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡುವ ಮಗುವಿಗೆ ಕನ್ನಡವೂ ಶಾಲೆಯಲ್ಲೇ ಒಲಿದ ಭಾಷೆ. ಚಿತ್ರಕಥೆ ಈ ಸೂಕ್ಷ್ಮವನ್ನು ಬೆಳೆಸುವುದಿಲ್ಲ. ಎರಡೇ ಭಾಷೆಗಳ ಸಂಘರ್ಷ ಬರೆಯುವುದಕ್ಕೆ ಸುಲಭ, ನಿಜ.

ಶಾಲೆ ಮುಚ್ಚಿದ ಮೇಲೆ ನೆರವು ಅರಸಿ ಮೈಸೂರಿಗೆ ಹೋಗುವುದು, ಹೆಸರಿನ ಗೊಂದಲದಲ್ಲಿ ಬೇರೊಬ್ಬ ಅನಂತಪದ್ಮನಾಭನನ್ನು ಕರೆತರುವುದು ಹಾಸ್ಯಕ್ಕೆ ಒದಗುವ ಉಪಾಯ. ಆದರೆ ಅಲ್ಲಿಂದ ಬಯಸುವವರೂ ಮಾಡುವವನೂ ಬೇರೆ ಬೇರೆಯಾಗುತ್ತಾರೆ. ನ್ಯಾಯಾಲಯದಲ್ಲಿ ಅನಂತನಾಗ್ ಮಾಡುವ ದೀರ್ಘ ವಾದ ನಟನೆಯ ಬಲದಿಂದ ನಿಲ್ಲುತ್ತದೆ. ತರಗತಿಯಲ್ಲಿ ಅನುಭವವಾಗಿದ್ದದ್ದು ಇಲ್ಲಿ ಹೇಳಿಕೆಯಾಗುತ್ತದೆ. ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಕೃತಿಯಲ್ಲಿ ನಿರ್ಣಾಯಕ ಗಳಿಗೆಯಲ್ಲಿ ಮಕ್ಕಳು ಕೇಳುಗರು.

ಇದು ಬರಿಯ ರಚನೆಯ ದೋಷವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಕಾಸರಗೋಡಿನ ಕನ್ನಡದ ಪರವಾಗಿ ಮುಂದೆ ನಿಂತವರು ಅಲ್ಲಿಯವರೇ. ಕಯ್ಯಾರ ಕಿಞ್ಞಣ್ಣ ರೈಗಳಂಥ ಕವಿ-ಅಧ್ಯಾಪಕರು. ಚಿತ್ರಕಥೆಗೆ ಮಾತ್ರ ವಕ್ತಾರ ಗಡಿಯಾಚೆಯಿಂದಲೇ ಬರಬೇಕಾಯಿತು. ಊರಿನ ಮುಖ್ಯೋಪಾಧ್ಯಾಯರ ಪಾತ್ರ ಮೊದಲರ್ಧದಿಂದಲೇ ಕಣ್ಣೆದುರಿಗಿತ್ತು. ಆತನನ್ನು ಕಟಕಟೆಯ ಬಳಿಗೆ ಕರೆಯುವ ಒಂದು ದೃಶ್ಯ ಸಾಕಾಗಿತ್ತು.